ಮೂರನೇ ಕ್ಲಾಸಿಗೇ ನಿಂತುಹೋಗುವ ಪ್ರಶ್ನೆ

ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆ ಓಡಾಡುವವರಿಗೆ ‘ಐಬಿ’ ಅನ್ನೋ ಎರಡಕ್ಷರ ಹೊಸದಲ್ಲ. ಪೂರ್ತಿ ಹೆಸರು ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್. ವರ್ಷಕ್ಕೆ ಹಲವು ಲಕ್ಷ ಫೀಸು. ನಮ್ಮ ಐಟಿಯವರ ಊಟದ ಟೇಬಲ್ಲಿನಲ್ಲಿ ಇದರ ಮಾತು ಬಂದರೆ ಎರಡೇ ಪಕ್ಷ: ‘ವಿದ್ಯೆ ಅಂದ್ರೆ ಅದು’ ಅನ್ನೋರು, ‘ದುಡ್ಡಿದ್ದೋರ ಶೋಕಿ’ ಅನ್ನೋರು. ಒಳಗೆ ಏನಿದೆ ಅಂತ ನೋಡಿದವರು ಎರಡೂ ಕಡೆ ಕಡಿಮೆ.

ಇದು ಶುರುವಾಗಿದ್ದು 1968ರಲ್ಲಿ, ಜಿನೀವಾದಲ್ಲಿ. ದೇಶದಿಂದ ದೇಶಕ್ಕೆ ಹೋಗುವ ಅಧಿಕಾರಿಗಳ ಮಕ್ಕಳಿಗೆ ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳು ಒಪ್ಪುವಂಥ ಒಂದು ಡಿಪ್ಲೊಮಾ ಬೇಕಿತ್ತು. 16ರಿಂದ 19 ವಯಸ್ಸಿನವರ ಆ ಹಂತವೇ ಮೊದಲು ಬಂತು. ಮಧ್ಯದ ಹಂತ 1994ರಲ್ಲಿ, 3ನೇ ವಯಸ್ಸಿನಿಂದ ಶುರುವಾಗುವ ಪ್ರಾಥಮಿಕ ಹಂತ 1997ರಲ್ಲಿ. ಮಾಳಿಗೆ ಕಟ್ಟಿ ಆಮೇಲೆ ಪಾಯ ತೋಡಿದ ಹಾಗೆ! ಆದರೂ ಮನೆ ನಿಂತಿದೆ. ಯಾಕಂದ್ರೆ ಒಂದೇ ಕೆಲಸವನ್ನ ಮೂರು ಸಲ ಮಾಡಿಸ್ತಾರೆ. ಪ್ರಾಥಮಿಕದ ಕೊನೇ ವರ್ಷ ಮಕ್ಕಳು ತಾವೇ ಒಂದು ವಿಷಯ ಹಿಡಿದು, ಹುಡುಕಾಡಿ, ಪ್ರದರ್ಶನ ಇಡಬೇಕು. ಮಧ್ಯದ ಹಂತದ ಕೊನೆಗೆ ಒಬ್ಬೊಬ್ಬರೂ ಒಂದು ಸ್ವಂತ ಪ್ರಾಜೆಕ್ಟ್. ಡಿಪ್ಲೊಮಾದಲ್ಲಿ 4000 ಪದಗಳ ಮಿತಿಯಲ್ಲಿ ಸಂಶೋಧನಾ ಪ್ರಬಂಧ. ಜೊತೆಗೆ ‘ಇದು ನಿಜ ಅಂತ ನಮಗೆ ಹೇಗೆ ಗೊತ್ತು?’ ಅಂತ ಕೇಳುವುದೇ ಒಂದು ಪಾಠ.

ಅಂಕ ಹೇಗೆ ಹಂಚಿದ್ದಾರೆ ನೋಡಿ. ಒಟ್ಟು 45ರಲ್ಲಿ ಆರು ವಿಷಯಗಳಿಗೇ 42. ಜಾಹೀರಾತಿನಲ್ಲಿ ಹೊಗಳಿಕೊಳ್ಳೋ ಪ್ರಬಂಧ, ಜ್ಞಾನದ ಪ್ರಶ್ನೆ ಎರಡಕ್ಕೂ ಸೇರಿ 3. ಸಮಾಜಸೇವೆ ಕಡ್ಡಾಯ, ಅಂಕ ಸೊನ್ನೆ. ಆದ್ರೆ ಆ ಮೂರು ಅಂಕದ ಕೆಲಸದಲ್ಲಿ ತೀರಾ ಕಳಪೆ ಗ್ರೇಡ್ ಬಂದ್ರೆ ಡಿಪ್ಲೊಮಾನೇ ಸಿಗಲ್ಲ. ಹೀಗಾಗಿ ಯಾರೂ ಅದನ್ನ ಹಾರಿಸಿ ಹೋಗೋ ಹಾಗಿಲ್ಲ. ಜಾಣ ಲೆಕ್ಕ.

ಇದೆಲ್ಲ ಫಾರಿನ್ನಿನ ಸರಕು ಅಂತ ಅಂದುಕೊಳ್ಳೋ ಮೊದಲು ಎಚ್.ಡಿ. ಕೋಟೆ ಕಡೆ ತಿರುಗಿ. ಐಬಿಯ ಪ್ರಾಥಮಿಕ ಹಂತಕ್ಕಿಂತ ಎರಡು ವರ್ಷ ಮುಂಚೆ, 1995ರಲ್ಲಿ, ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ನಲಿಕಲಿ ಶುರುವಾಯ್ತು. ಕಲಿಕಾ ಏಣಿ, ಕಾರ್ಡು, ಗುಂಪು ಗುಂಪಾಗಿ ಕೂರುವ ಮಕ್ಕಳು, ಅವರ ಕೈಗೆಟುಕುವ ಎತ್ತರಕ್ಕೆ ಗೋಡೆಯ ಕಪ್ಪುಹಲಗೆ, ದಿನಾ ಬೆಳಗ್ಗೆ ಹವಾಮಾನ ನಕ್ಷೆ. ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತೆ. ಪಕ್ಕದವನು ಮುಂದಿದ್ರೆ ಇವನು ಫೇಲ್ ಅಲ್ಲ. ಎಲ್ಲಾ ಕನ್ನಡದಲ್ಲಿ. ಎರಡರ ಬೇರೂ ಒಂದೇ ನಂಬಿಕೆ: ಮಗು ತಾನಾಗೇ ಮಾಡಿ ಕಲಿಯುತ್ತೆ.

ವ್ಯತ್ಯಾಸ ಆಮೇಲೆ ಬರುತ್ತೆ. ನಲಿಕಲಿ ಮೂರನೇ ಕ್ಲಾಸಿಗೆ ಮುಗೀತು. ನಾಲ್ಕಕ್ಕೆ ಬೆಂಚು, ಪಠ್ಯಪುಸ್ತಕ, ಪ್ರಶ್ನೋತ್ತರ, ಹತ್ತಕ್ಕೆ ಎಸ್ಸೆಸ್ಸೆಲ್ಸಿ. ಏಣಿ ಹತ್ತಿಸಿ ಅರ್ಧಕ್ಕೇ ಏಣಿ ತೆಗೆದ ಹಾಗೆ. ಐಬಿಯವರು ಲಕ್ಷಗಟ್ಟಲೆ ತಗೊಂಡು ಕೊಡೋದು ಹೊಸ ಐಡಿಯಾ ಅಲ್ಲ. ಅದೇ ಐಡಿಯಾವನ್ನ ಹದಿನೆಂಟು ಹತ್ತೊಂಬತ್ತನೇ ವಯಸ್ಸಿನವರೆಗೂ ಕೈಬಿಡದೆ ನಡೆಸೋ ಶಿಸ್ತು.

ಹಾಗಂತ ಅವರದ್ದೂ ಪೂರ್ತಿ ಅಲ್ಲ. ಐಬಿಯ ಮುಖ್ಯ ಭಾಷೆಗಳು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್. ಬೆಂಗಳೂರಿನ ಹುಡುಗಿಯೊಬ್ಬಳು ಬೆಳ್ಳಂದೂರು ಕೆರೆಯ ನೊರೆಯ ಮೇಲೆ ಪ್ರಾಜೆಕ್ಟ್ ಮಾಡ್ತಾಳೆ ಅಂದ್ಕೊಳ್ಳಿ. ನೀರಿನ ವರದಿ, ಗ್ರಾಫು ಎಲ್ಲ ತರ್ತಾಳೆ. ಆ ಕೆರೆ ನೀರಲ್ಲಿ ಭತ್ತ ಬೆಳೆದಿದ್ದ ಅಜ್ಜನ ಹತ್ರ ಹೋಗಿ ‘ತಾತ, ಮುಂಚೆ ಹೆಂಗಿತ್ತು?’ ಅಂತ ಕೇಳೋಕೆ ಅವಳ ಹತ್ರ ಮಾತಿಲ್ಲದಿದ್ರೆ, ‘ನಮಗೆ ಹೇಗೆ ಗೊತ್ತು?’ ಅನ್ನೋ ಪಾಠ ಅಲ್ಲೇ ಕುಂಟುತ್ತೆ. ಆ ಮಾತಿರೋ ಮಗು ನಮ್ಮೂರಲ್ಲಿದೆ. ಅದಕ್ಕೆ ಪ್ರಶ್ನೆ ಕೇಳೋ ಪೀರಿಯಡ್ಡೇ ಇಲ್ಲ.

ಐಬಿ ಶಾಲೆಗೆ ಮಕ್ಕಳನ್ನ ಹಾಕಿರೋರು ಕನ್ನಡವನ್ನ ಬರೀ ಕಾಟಾಚಾರಕ್ಕೆ ಕಲಿಸಬೇಡಿ ಅಂತ ಶಾಲೆಯನ್ನ ಕೇಳಬಹುದು. ನಮ್ಮ ಶಿಕ್ಷಣ ಇಲಾಖೆಗೂ ದೊಡ್ಡ ಖರ್ಚೇನಿಲ್ಲ. ಏಳನೇ ಕ್ಲಾಸಿಗೊಂದು, ಹತ್ತಕ್ಕೊಂದು, ಮಗು ತಾನೇ ಆರಿಸಿಕೊಂಡ ಪ್ರಶ್ನೆ ಕಡ್ಡಾಯ ಮಾಡಲಿ: ಊರ ಕೆರೆ ಯಾಕೆ ಬತ್ತಿತು, ರಾಗಿ ಬಿಟ್ಟು ನೀಲಗಿರಿ ಯಾಕೆ ಹಾಕಿದ್ರು. ಉತ್ತರ ಗೈಡಿನಲ್ಲಿ ಸಿಗಬಾರದು, ಅಷ್ಟೇ ಷರತ್ತು.