ಮೊಲಗಳ ಆಟ, ಡಾರ್ವಿನ್ನನ ಪಾಠ

ಪಠ್ಯಪುಸ್ತಕವನ್ನು ವಿಮರ್ಶಿಸುವ ರೂಢಿ ನಮ್ಮಲ್ಲುಂಟು. ಗಣಕದ ತೆರೆಯ ಮೇಲೆ ಆಡಿಸಿ ಕಲಿಯುವ ಪಾಠವನ್ನು ವಿಮರ್ಶಿಸುವ ರೂಢಿ ಇನ್ನೂ ಬೆಳೆದಿಲ್ಲ. ಮಕ್ಕಳ ಬುದ್ಧಿಯನ್ನು ರೂಪಿಸುವುದರಲ್ಲಿ ಅದೇನೂ ಪುಸ್ತಕಕ್ಕಿಂತ ಕಡಮೆಯದಲ್ಲ. ಆದುದರಿಂದ ಅಂಥ ಒಂದು ಪಾಠವನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ 'ಫೆಟ್' ಯೋಜನೆಯವರು ಜಾಲತಾಣದಲ್ಲಿ ಉಚಿತವಾಗಿ ಒದಗಿಸಿರುವ ಪಾಠಗಳಲ್ಲಿ ನಿಸರ್ಗದ ಆಯ್ಕೆಯನ್ನು ಕುರಿತದ್ದೂ ಒಂದು. ತೆರೆಯ ಮೇಲೊಂದು ಬಿಳಿಯ ಮೊಲ. ಅದಕ್ಕೆ ಜೊತೆ ಕೊಟ್ಟರೆ ಸಂತತಿ ಬೆಳೆಯುತ್ತದೆ. ಕಂದು ತುಪ್ಪಳ, ಉದ್ದ ಹಲ್ಲು, ಜೋಲುಗಿವಿ, ಇವುಗಳಲ್ಲಿ ಯಾವ ಉತ್ಪರಿವರ್ತನೆಯನ್ನಾದರೂ ವಿದ್ಯಾರ್ಥಿ ಸೇರಿಸಬಹುದು, ತೋಳಗಳನ್ನು ಬಿಡಬಹುದು, ಮೇವನ್ನು ಗಡುಸು ಮಾಡಬಹುದು.

ಇದರ ಮೊದಲ ಗುಣವನ್ನು ಮನಸಾರೆ ಮೆಚ್ಚಬೇಕು. ಕಂದು ನೆಲದಲ್ಲಿ ತೋಳದ ಕಣ್ಣಿಗೆ ಬಿಳಿಯ ಮೊಲ ಸುಲಭವಾಗಿ ಬೀಳುತ್ತದೆ. ಕಂದು ಮೊಲದ ವಂಶ ಹೆಚ್ಚುತ್ತದೆ. ಅದೇ ನೆಲದ ಮೇಲೆ ಹಿಮ ಹಾಸಿದರೆ, ನಿನ್ನೆ ಕಾಪಾಡಿದ ಬಣ್ಣವೇ ಇಂದು ಮಾರಿಯಾಗುತ್ತದೆ. ಮೇಲು ಕೀಳುಗಳು ಪ್ರಾಣಿಯಲ್ಲಿಲ್ಲ, ಪ್ರಾಣಿಗೂ ನೆಲೆಗೂ ಇರುವ ಸಂಬಂಧದಲ್ಲಿವೆ ಎಂಬುದನ್ನು ನೂರು ವ್ಯಾಖ್ಯೆಗಳು ಇಷ್ಟು ಚೆನ್ನಾಗಿ ಹೇಳಲಾರವು. ಜೋಲುಗಿವಿಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಪ್ರತಿಯೊಂದು ಲಕ್ಷಣಕ್ಕೂ ಪ್ರಯೋಜನ ಹುಡುಕುವ ನಮ್ಮ ಚಾಳಿಗೆ ಅದೊಂದು ಸೊಗಸಾದ ಉತ್ತರ.

ಆದರೆ ದೋಷವೂ ಅಲ್ಲೇ ಇದೆ. ತೋಳ ಬಂದಿತೆಂದು ಹುಡುಗ ಗುಂಡಿಯೊತ್ತುತ್ತಾನೆ. ಕಂದು ಬಣ್ಣ ಬರುತ್ತದೆ. ಬೇಕೆಂದಾಗ ಬದಲಾವಣೆ ಬಂದಿತು! ಡಾರ್ವಿನ್ 1859ರಲ್ಲಿ ಪ್ರಕಟಿಸಿದ ವಾದದ ತಿರುಳು ಇದಕ್ಕೆ ವಿರುದ್ಧವಾದದ್ದು: ವ್ಯತ್ಯಾಸಗಳು ಪ್ರಾಣಿಯ ಅಗತ್ಯವನ್ನು ಕೇಳಿ ಹುಟ್ಟುವುದಿಲ್ಲ, ಹುಟ್ಟಿದವುಗಳಲ್ಲಿ ಕೆಲವು ಉಳಿಯುತ್ತವೆ, ಅಷ್ಟೆ. ಕನ್ನಡದ 'ಆಯ್ಕೆ' ಎಂಬ ಮಾತೂ ಆರಿಸುವವನೊಬ್ಬನನ್ನು ಕಲ್ಪಿಸಿಬಿಡುತ್ತದೆ. ಈ ಆಟದಲ್ಲಿ ಆ ಪಾತ್ರ ಹುಡುಗನ ಬೆರಳಿಗೇ ದೊರಕಿದೆ. ಮೊಲ ತನ್ನ ಕಷ್ಟಕ್ಕಾಗಿ ಬಣ್ಣ ಬದಲಾಯಿಸಿತು ಎಂದು ಅವನು ಬರೆದರೆ ಆಶ್ಚರ್ಯವೇನು?

ಇದಕ್ಕೆ ಮದ್ದು ಉಪಾಧ್ಯಾಯರ ಕೈಯಲ್ಲಿದೆ. ತೋಳ ಬರುವ ಮೊದಲೇ, ಯಾವ ಉತ್ಪರಿವರ್ತನೆ ಎಂಬುದನ್ನು ಮಕ್ಕಳು ಚೀಟಿಯೆತ್ತಿ ನಿರ್ಧರಿಸಲಿ. ನೆಲ ಯಾವುದು, ಶತ್ರು ಯಾರು ಎಂಬುದು ಆಮೇಲೆ ತಿಳಿಯಲಿ. ಆಗ ಕೆಲವು ಸಲ ಮೊಲಗಳು ಪೂರ್ತಿ ಅಳಿಯುತ್ತವೆ, ಅಳಿಯಲಿ. ಅದೂ ಪಾಠವೇ.

ಬಣ್ಣದ ಚಿತ್ರಗಳಿವೆ ಎಂದು ಇದನ್ನು ಹೊಗಳುವುದೂ, ಆಟವೆಂದು ತಳ್ಳುವುದೂ ಎರಡೂ ಸೋಮಾರಿತನ. ಒಳ್ಳೆಯ ಉಪಕರಣ ಒಳ್ಳೆಯ ಪ್ರಶ್ನೆಯನ್ನು ಬೇಡುತ್ತದೆ. ಆ ಪ್ರಶ್ನೆಯನ್ನು ತರಗತಿಯಲ್ಲಿ ಒಬ್ಬರು ಕೇಳಲೇಬೇಕು.