ಆರೋಗ್ಯ ಚರಿತ್ರೆಯ ಆಕರಗಳು: ತುಮಕೂರಿನ ಒಂದು ಅಧ್ಯಯನ ಮತ್ತು ನಮ್ಮ ನಾಲ್ಕು ತಾಲ್ಲೂಕುಗಳು

ನಮ್ಮ ಜಿಲ್ಲೆಗಳ ಚರಿತ್ರೆಯನ್ನು ಬರೆಯುವವರು ಆರೋಗ್ಯದ ವಿಷಯಕ್ಕೆ ಬಂದೊಡನೆ ಸಾಮಾನ್ಯವಾಗಿ ಕಟ್ಟಡಗಳ ಚರಿತ್ರೆಯನ್ನು ಬರೆಯತೊಡಗುತ್ತಾರೆ. ಯಾವ ವರ್ಷದಲ್ಲಿ ಯಾವ ಊರಿಗೆ ಆಸ್ಪತ್ರೆ ಬಂದಿತು, ಅದರಲ್ಲಿ ಹಾಸಿಗೆಗಳೆಷ್ಟು, ವೈದ್ಯರೆಷ್ಟು ಎಂಬ ವಿವರಗಳು ಮುಗಿದ ಮೇಲೆ, ಇಷ್ಟಾದರೂ ರೋಗಗಳು ಏಕೆ ನಿಲ್ಲಲಿಲ್ಲವೆಂಬ ಪ್ರಶ್ನೆಗೆ ಜನರ ಅಜ್ಞಾನ ಮತ್ತು ಅಸಡ್ಡೆ ಎಂಬ ಒಂದೇ ಉತ್ತರವನ್ನು ಕೊಟ್ಟು ಅಧ್ಯಾಯವನ್ನು ಮುಗಿಸುವುದು ವಾಡಿಕೆ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಈ ವಾಕ್ಯವನ್ನು ನಾವು ಎಷ್ಟೋ ಸಲ ಓದಿದ್ದೇವೆ. ಹಿಂದೊಮ್ಮೆ ನಾವೂ ಬರೆದಿದ್ದೇವೆ. ಅದಕ್ಕೆ ಆಧಾರವೇನೆಂಬುದನ್ನು ಕ್ಷಯರೋಗವೊಂದನ್ನೇ ತೆಗೆದುಕೊಂಡು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಚರಿತ್ರೆಯನ್ನು ಬರೆಯಹೊರಡುವವನ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆಕರಗಳ ಮಾತು. ಈ ನಾಲ್ಕು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಗೆ ಸೇರಿವೆ. ಆದರೆ ಆ ಜಿಲ್ಲೆ ಹುಟ್ಟಿದ್ದು ೧೯೯೭ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯವು, ಜಗಳೂರು ಚಿತ್ರದುರ್ಗದ್ದು. ನ್ಯಾಮತಿಯಂತೂ ಈಚಿನವರೆಗೆ ಹೊನ್ನಾಳಿಯ ಒಳಗೇ ಇದ್ದು ಆ ಮೇಲೆ ತಾಲ್ಲೂಕಾಯಿತು. ಆದುದರಿಂದ ಹಿಂದಿನ ಸ್ಥಿತಿಯನ್ನು ತಿಳಿಯಬೇಕಾದವನು ೧೯೬೭ರ ಚಿತ್ರದುರ್ಗ ಗೆಜೆಟಿಯರನ್ನೂ ೧೯೭೫ರ ಶಿವಮೊಗ್ಗ ಗೆಜೆಟಿಯರನ್ನೂ ಜೊತೆಗಿಟ್ಟುಕೊಂಡು ಓದಬೇಕಾಗುತ್ತದೆ. ಎರಡರಲ್ಲಿಯೂ ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ ಸೇವೆಗಳಿಗೆ ಪ್ರತ್ಯೇಕ ಅಧ್ಯಾಯವುಂಟು. ಈ ಗ್ರಂಥಗಳ ಉಪಯುಕ್ತತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವು ಇಲಾಖೆಯ ಕಣ್ಣಿನಿಂದ ಕಂಡ ಲೆಕ್ಕಗಳು, ಸಂಸ್ಥೆಗಳನ್ನು ಎಣಿಸುತ್ತವೆ. ಸಂಸ್ಥೆಯ ಬಾಗಿಲಿಗೆ ಬಂದ ರೋಗಿಗೆ ಅಲ್ಲಿ ಏನು ನಡೆಯಿತೆಂಬುದು ಆ ಲೆಕ್ಕದ ಹೊರಗೆ ಉಳಿಯುತ್ತದೆ.

ಹೀಗೆ ಹೊರಗುಳಿದುದನ್ನು ಹೇಳುವ ಆಕರವೊಂದು ಚಿತ್ರದುರ್ಗಕ್ಕೆ ನೆರೆಯಾದ ತುಮಕೂರು ಜಿಲ್ಲೆಯಿಂದ ನಮಗೆ ದೊರೆಯುತ್ತದೆ. ಅದರ ಬೆಲೆಯನ್ನು ತಿಳಿಯಲು ತುಸು ಹಿನ್ನೆಲೆ ಬೇಕು. ಕ್ಷಯಕ್ಕೆ ಆರೋಗ್ಯಧಾಮವೇ ಗತಿ, ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರಗಳಿಲ್ಲದೆ ಅದು ಗುಣವಾಗದು ಎಂಬ ನಂಬಿಕೆ ಬಹುಕಾಲ ಇದ್ದಿತು. ಮದರಾಸಿನಲ್ಲಿ ೧೯೫೬ರಲ್ಲಿ ಆರಂಭವಾದ ಕ್ಷಯಚಿಕಿತ್ಸಾ ಕೇಂದ್ರವು ನಗರದ ಬಡ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮದಲ್ಲಿಯೂ ಕೆಲವರನ್ನು ಅವರವರ ಮನೆಗಳಲ್ಲಿಯೂ ಇಟ್ಟು, ಇಬ್ಬಗೆಯವರಿಗೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟು ನೋಡಿತು. ಮನೆಯಲ್ಲಿದ್ದವರ ಊಟ ಕಡಿಮೆ, ಜಾಗ ಇಕ್ಕಟ್ಟು, ದುಡಿಮೆ ಹೆಚ್ಚು. ಆದರೂ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು ೧೯೫೯ರಲ್ಲಿ ಪ್ರಕಟವಾಯಿತು. ಅಂದರೆ ಹಳ್ಳಿಯ ರೋಗಿಯನ್ನು ಹಳ್ಳಿಯಲ್ಲಿಯೇ ಗುಣಪಡಿಸಬಹುದೆಂಬುದು ಸಿದ್ಧವಾಯಿತು. ಇನ್ನು ಉಳಿದದ್ದು ಆತನನ್ನು ಕಂಡುಹಿಡಿಯುವ ಬಗೆ.

ಬೆಂಗಳೂರಿನಲ್ಲಿ ೧೯೫೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಡಾ. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ವಿದ್ವಾಂಸರು, ತುಮಕೂರು ಜಿಲ್ಲೆಯಲ್ಲಿ ಕ್ಷ-ಕಿರಣ ಪರೀಕ್ಷೆಯಿಂದ ಕ್ಷಯದ ಗುರುತು ಕಂಡವರನ್ನು ಮಾತನಾಡಿಸಿ, ೧೯೬೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಕಫದಲ್ಲಿ ರೋಗಾಣುವಿದ್ದವರ ಪೈಕಿ ಬಹುಪಾಲು ಮಂದಿಗೆ ತಮ್ಮ ದೇಹಸ್ಥಿತಿ ಕೆಟ್ಟಿದೆಯೆಂಬುದು ತಿಳಿದಿದ್ದಿತು. ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯನ್ನು ಅರಸಿ ಆಸ್ಪತ್ರೆಗೂ ಹೋಗಿದ್ದರು. ಅವರಲ್ಲಿ ಹೆಚ್ಚಿನವರ ಕೈಗೆ ಬಂದದ್ದು ಕೆಮ್ಮಿನ ಔಷಧದ ಸೀಸೆ. ಹಳ್ಳಿಗನು ಬರುವುದಿಲ್ಲವೆಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಖಂಡನೆ ಬೇರೊಂದಿಲ್ಲ. ಬಂದವನನ್ನು ಹಿಂದಕ್ಕೆ ಕಳುಹಿಸಿದವರು ಯಾರು ಎಂಬುದೇ ಇಲ್ಲಿ ಏಳತಕ್ಕ ಪ್ರಶ್ನೆ.

ಈ ಕಾಣ್ಕೆ ಪುಸ್ತಕದಲ್ಲಿಯೇ ಉಳಿಯಲಿಲ್ಲವೆಂಬುದನ್ನು ಒಪ್ಪಬೇಕು. ೧೯೬೨ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ಇಂಥ ಸಂಶೋಧನೆಗಳ ಮೇಲೆಯೇ ನಿಂತದ್ದು. ಅದರ ಸೂತ್ರ ಸರಳ: ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಬೇಕಾಗಿಲ್ಲ, ಬಹುದಿನದ ಕೆಮ್ಮೆಂದು ಆರೋಗ್ಯ ಕೇಂದ್ರಕ್ಕೆ ತಾನಾಗಿಯೇ ಬಂದವನ ಕಫವನ್ನು ಅಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿಯೇ ಔಷಧ ಕೊಡತಕ್ಕದ್ದು. ಆದರೆ ಮೂವತ್ತು ವರ್ಷಗಳ ಮೇಲೆ, ೧೯೯೨ರಲ್ಲಿ, ಸರ್ಕಾರವೇ ವಿಶ್ವ ಆರೋಗ್ಯ ಸಂಸ್ಥೆಯೊಡನೆ ನಡೆಸಿದ ವಿಮರ್ಶೆಯಲ್ಲಿ ತಿಳಿದುಬಂದುದೇನು? ಕಫಪರೀಕ್ಷೆಗಿಂತ ಕ್ಷ-ಕಿರಣದ ಮೇಲೆಯೇ ಹೆಚ್ಚಿನ ಭರವಸೆ, ಔಷಧಗಳ ಅಭಾವ, ಚಿಕಿತ್ಸೆಯನ್ನು ನಡುವೆಯೇ ಬಿಟ್ಟವರ ದೊಡ್ಡ ಸಂಖ್ಯೆ. ೧೯೯೭ರಿಂದ ಪರಿಷ್ಕೃತ ಕಾರ್ಯಕ್ರಮ ದೇಶದಲ್ಲಿ ವಿಸ್ತರಿಸಿತು. ಮೂರು ವಾರಗಳ ಕೆಮ್ಮಿಗೆ ಕಫಪರೀಕ್ಷೆಯೆಂಬ ನಿಯಮ ೨೦೦೯ರಲ್ಲಿ ಎರಡು ವಾರಗಳಿಗೆ ಇಳಿಯಿತು. ಈಗ ರೋಗಾಣುವಿನ ಅಂಶವನ್ನೇ ಗುರುತಿಸುವ ಯಂತ್ರಗಳು ಬಂದಿವೆ. ನಿಯಮಗಳು ತಿದ್ದುಪಡಿಯಾದ ಕ್ರಮವನ್ನು ಬರೆಯುವುದು ಸುಲಭ. ಅವು ಯಾವ ಊರಿನ ಮೇಜಿನವರೆಗೆ ಯಾವಾಗ ಬಂದುವೆಂಬುದನ್ನು ಬರೆಯುವುದೇ ಚರಿತ್ರಕಾರನ ಕೆಲಸ.

ಇಲ್ಲಿ ಸ್ವಂತದ ಒಂದು ಸಂಗತಿಯನ್ನು ಹೇಳಲು ವಾಚಕರು ಅನುಮತಿಸಬೇಕು. ನಮ್ಮ ತಾಯಿಯ ಕಡೆಯ ಹಿರಿಯರೊಬ್ಬರು, ಹೊನ್ನಾಳಿ ಸೀಮೆಯವರು, ಕ್ಷಯದಿಂದ ತೀರಿಕೊಂಡರು. ‘ಬೀಡಿ ಬಿಡಲಿಲ್ಲ, ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ, ಹಟಮಾರಿ’ ಎಂಬುದು ಮನೆಯಲ್ಲಿ ಅವರನ್ನು ಕುರಿತು ನಿಂತುಹೋದ ಮಾತು. ಮನೆಯನ್ನು ರಿಪೇರಿ ಮಾಡಿಸುವಾಗ ಅವರ ಟ್ರಂಕಿನಲ್ಲಿ ಕಂದಾಯದ ರಸೀತಿಗಳ ನಡುವೆ ಮೂರು ಹೊರರೋಗಿ ಚೀಟಿಗಳು ದೊರೆತುವು. ಐದು ತಿಂಗಳ ಅಂತರದಲ್ಲಿ ಮೂರು ಸಲ ಅವರು ಹೋಗಿದ್ದರು. ಮೂರರಲ್ಲಿಯೂ ‘ಕೆಮ್ಮು’ ಎಂದಿದೆ, ಮೂರರಲ್ಲಿಯೂ ಕೆಮ್ಮಿನ ಔಷಧದ ಹೆಸರಿದೆ. ಕಫಪರೀಕ್ಷೆಯ ಸೂಚನೆ ಒಂದರಲ್ಲಿಯೂ ಇಲ್ಲ. ಚೀಟಿಗಳನ್ನು ಅವರು ಮಡಿಸಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಬಾಯಿಮಾತಿನ ಆಕರಕ್ಕೂ ಲಿಖಿತ ಆಕರಕ್ಕೂ ವಿರೋಧ ಬಂದಾಗ ಏನು ಮಾಡಬೇಕೆಂದು ತರಗತಿಯಲ್ಲಿ ಪಾಠ ಹೇಳುವ ನಮಗೆ, ಆ ವಿರೋಧ ನಮ್ಮ ಮನೆಯೊಳಗೇ ಇದ್ದುದು ಅಂದಿನವರೆಗೆ ತಿಳಿದಿರಲಿಲ್ಲ.

ಇದರಿಂದ ವೈದ್ಯರನ್ನು ಅಪರಾಧಿಗಳ ಸ್ಥಾನದಲ್ಲಿ ನಿಲ್ಲಿಸುವುದು ನಮ್ಮ ಇಚ್ಛೆಯಲ್ಲ. ಬಯಲುಸೀಮೆಯಲ್ಲಿ ಮೂವತ್ತು ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವೆಂಬುದು ಸರ್ಕಾರದ ಅಳತೆ. ಬೆಳಗಿನ ಸಾಲಿನಲ್ಲಿ ನಿಂತ ಕೆಮ್ಮುಗಳಲ್ಲಿ ಬಹುಪಾಲು ನೆಗಡಿಯವು. ಎಂದಿನಿಂದ ಎಂದು ಪ್ರತಿಯೊಬ್ಬನನ್ನೂ ಕೇಳಲು ವ್ಯವಧಾನ ಬೇಕು, ಕೇಳಿದ ಮೇಲೆ ಕಫವನ್ನು ನೋಡಲು ತಂತ್ರಜ್ಞನು ಬೇಕು. ತಂತ್ರಜ್ಞನ ಸ್ಥಾನ ಖಾಲಿಯಿದ್ದಲ್ಲಿ ನಿಯಮ ಗೋಡೆಯ ಮೇಲಿನ ಕಾಗದ ಮಾತ್ರ. ಹಾಗೆಯೇ ತುಮಕೂರಿನ ಅಧ್ಯಯನವನ್ನು ಅತಿಯಾಗಿ ಎಳೆಯಲೂ ಬಾರದು. ಅರ್ಧದಷ್ಟು ಜನ ಹೋಗಿದ್ದರೆಂದರೆ ಉಳಿದರ್ಧ ಹೋಗಿರಲಿಲ್ಲ. ಅವರನ್ನು ತಡೆದದ್ದು ದೂರವೋ, ಕೂಲಿಯ ನಷ್ಟವೋ, ರೋಗದ ಹೆಸರು ಹೊರಬಿದ್ದರೆ ಮಗಳ ಮದುವೆ ನಿಲ್ಲುವುದೆಂಬ ಅಂಜಿಕೆಯೋ, ಅದನ್ನು ಆಯಾ ಸೀಮೆಯಲ್ಲಿಯೇ ವಿಚಾರಿಸಬೇಕು.

ಸೀಮೆ ಸೀಮೆಗೂ ಭೇದವಿದೆ. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರು, ಭದ್ರಾ ನಾಲೆ, ಅಡಕೆಯ ತೋಟ. ಸುಲಿತದ ದಿನಗಳಲ್ಲಿ ಹೆಂಗಸರಿಗೆ ಅರ್ಧ ದಿನದ ಬಿಡುವೂ ದುರ್ಲಭ. ಜಗಳೂರು ಮಳೆಯನ್ನೇ ನೆಚ್ಚಿದ ಮೆಕ್ಕೆಜೋಳ, ಶೇಂಗಾಗಳ ನಾಡು. ಮಳೆ ಕೈಕೊಟ್ಟ ವರ್ಷ ಅಲ್ಲಿಂದ ಕೂಲಿಗಾಗಿ ಹೊರಹೋದ ಸಂಸಾರಕ್ಕೆ ಆರು ತಿಂಗಳ ಔಷಧವನ್ನು ಒಂದೇ ಕೇಂದ್ರದಲ್ಲಿ ಪಡೆಯುವುದು ಹೇಗೆ ಸಾಧ್ಯ? ಮೊದಲಿದ್ದ ಚಿಕಿತ್ಸೆ ಒಂದು ವರ್ಷಕ್ಕೂ ಮೀರಿದುದು. ಅದನ್ನು ನಡುವೆ ಬಿಟ್ಟವನನ್ನು ಅಸಡ್ಡೆಯವನೆಂದು ಬರೆಯುವ ಮೊದಲು ಆ ವರ್ಷದ ಮಳೆಯ ಲೆಕ್ಕವನ್ನು ನೋಡಬೇಕು. ಮಳೆಯ ಲೆಕ್ಕ ಗೆಜೆಟಿಯರಿನಲ್ಲಿಯೇ ಇರುತ್ತದೆ. ಬೇರೆ ಅಧ್ಯಾಯದಲ್ಲಿ ಇರುವುದರಿಂದ ಎರಡನ್ನೂ ಕೂಡಿಸಿ ಓದುವವರು ವಿರಳ.

ಹಾಗಾದರೆ ಈ ನಾಲ್ಕು ತಾಲ್ಲೂಕುಗಳ ಆರೋಗ್ಯ ಚರಿತ್ರೆಗೆ ಮುಖ್ಯ ಆಕರ ಯಾವುದಾಗಬೇಕು? ಆರೋಗ್ಯ ಕೇಂದ್ರಗಳ ಹೊರರೋಗಿ ದಾಖಲೆ ಪುಸ್ತಕ ಮತ್ತು ಪ್ರಯೋಗಶಾಲೆಯ ದಾಖಲೆ ಪುಸ್ತಕ, ಇವೆರಡೇ ಎಂದು ನಮ್ಮ ಅಭಿಪ್ರಾಯ. ಮೊದಲನೆಯದರಲ್ಲಿ ಕೆಮ್ಮೆಂದು ಬಂದ ದಿನ, ಎರಡನೆಯದರಲ್ಲಿ ಕಫ ನೋಡಿದ ದಿನ. ನಡುವಣ ಅಂತರವನ್ನು ವರ್ಷದಿಂದ ವರ್ಷಕ್ಕೆ, ಕೇಂದ್ರದಿಂದ ಕೇಂದ್ರಕ್ಕೆ ಗುರುತಿಸಿದರೆ ಹೊಸ ಜ್ಞಾನ ಹಳ್ಳಿಯನ್ನು ಮುಟ್ಟಿದ ವೇಗವೇ ನಮ್ಮ ಕೈಗೆ ಬರುತ್ತದೆ. ೧೯೯೭ರ ಹಿಂದಿನ ಪುಸ್ತಕಗಳಿಗೆ ಶಿವಮೊಗ್ಗ, ಚಿತ್ರದುರ್ಗಗಳ ಕಚೇರಿಗಳಲ್ಲಿಯೂ ವಿಚಾರಿಸಬೇಕಾದೀತು. ಇಂಥ ಪುಸ್ತಕಗಳಿಗೆ ಶಾಸನಗಳಿಗಿರುವ ಗೌರವವಿಲ್ಲ. ಅವಧಿ ಮುಗಿದೊಡನೆ ರದ್ದಿಗೆ ಹೋಗುವುದೇ ಹೆಚ್ಚು. ಈ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ಮೊದಲು ಆರೋಗ್ಯಾಧಿಕಾರಿಗಳ ಲಿಖಿತ ಅನುಮತಿಯನ್ನು ಪಡೆಯತಕ್ಕದ್ದು; ರೋಗಿಗಳ ಹೆಸರು, ಮನೆ, ಜಾತಿಗಳನ್ನು ಬರೆದುಕೊಳ್ಳದೆ ದಿನಾಂಕಗಳ ಅಂಕಣಗಳನ್ನು ಮಾತ್ರ ನಕಲು ಮಾಡಿಕೊಳ್ಳತಕ್ಕದ್ದು.