ಬಾಗಿಲ ಮೇಲಿನ ಬಣ್ಣದ ಕಲೆ

ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ರ ಮೇ 4ರಂದು. ಆ ದಿನದ ಲೂಟಿಯಿಂದಲೇ ಶುರುವಾಗುವ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯೊಂದಿದೆ: ವಿಲ್ಕಿ ಕಾಲಿನ್ಸ್ ಬರೆದ ‘ದ ಮೂನ್‌ಸ್ಟೋನ್’. ಟಿಪ್ಪುವಿನ ಶಸ್ತ್ರಾಗಾರದಲ್ಲಿ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ನಿಂತಿದ್ದಾನೆ. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ನೆತ್ತರು ತೊಟ್ಟಿಕ್ಕುವ ಕಠಾರಿ, ಕಠಾರಿಯ ಹಿಡಿಯಲ್ಲಿ ವಜ್ರ. ಪತ್ತೇದಾರಿ ಬರೆಯುವ ಆಸೆಯಿಂದ ಯಾರೇ ಬಂದು ಏನು ಓದಲಿ ಎಂದು ಕೇಳಿದರೂ ನಾನು ಮೊದಲು ಹೇಳುವುದು ಈ ಪುಸ್ತಕದ ಹೆಸರನ್ನೇ.

1868ರಲ್ಲಿ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಇದು ಧಾರಾವಾಹಿಯಾಗಿ ಬಂತು. ಬರೆಯುವ ಹೊತ್ತಿಗೆ ಕಾಲಿನ್ಸ್‌ರಿಗೆ ಸಂಧಿವಾತದ ನೋವು, ಆ ನೋವಿಗೆ ಅಫೀಮು ಬೆರೆಸಿದ ಔಷಧಿ. ನಡುವೆ ತಾಯಿ ತೀರಿಕೊಂಡರು. ಕೆಲವು ಭಾಗಗಳನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿ ಬರೆಸಿದರು. ಕಥೆಯೊಳಗೂ ಅಫೀಮಿನ ಪಾತ್ರವಿದೆ. ಅದು ಏನೆಂದು ಹೇಳಿದರೆ ಓದುವ ಸುಖಕ್ಕೆ ಕಲ್ಲು ಹಾಕಿದಂತಾಗುತ್ತದೆ.

ಆದರೆ ಒಂದು ಸುಳಿವನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಅದರಿಂದ ರಹಸ್ಯವೇನೂ ಒಡೆಯುವುದಿಲ್ಲ. ಯಾರ್ಕ್‌ಷೈರಿನ ಮನೆಯೊಂದರಲ್ಲಿ ರೇಚಲ್ ಎಂಬ ಹುಡುಗಿಗೆ ಹುಟ್ಟುಹಬ್ಬದ ದಿನ ಆ ವಜ್ರ ಕೈಸೇರುತ್ತದೆ, ಅದೇ ರಾತ್ರಿ ಮಾಯವೂ ಆಗುತ್ತದೆ. ಅವಳ ಕೋಣೆಯ ಬಾಗಿಲಿಗೆ ಹೊಸದಾಗಿ ಬಣ್ಣದ ಚಿತ್ತಾರ ಬರೆದಿದ್ದಾರೆ, ಅದರ ಒಂದು ಮೂಲೆ ಅಳಿಸಿದಂತಾಗಿದೆ. ತನಿಖೆಗೆ ಬಂದ ಊರಿನ ಪೊಲೀಸ್ ಅಧಿಕಾರಿ, ಬೆಳಗ್ಗೆ ಹನ್ನೊಂದಕ್ಕೆ ಅಲ್ಲಿ ಗುಂಪುಗೂಡಿದ ಕೆಲಸದ ಹೆಂಗಸರ ಲಂಗ ತಾಗಿ ಹೀಗಾಗಿದೆ ಎಂದು ಅವರನ್ನು ಗದರಿ ಸುಮ್ಮನಾಗುತ್ತಾನೆ. ಆಮೇಲೆ ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ. ಅವನು ಕೇಳುವುದು ಎರಡೇ ಪ್ರಶ್ನೆ: ಈ ಬಣ್ಣ ಒಣಗಲು ಎಷ್ಟು ಹೊತ್ತು ಬೇಕು? ಹನ್ನೆರಡು ಗಂಟೆ. ಬರೆದು ಮುಗಿಸಿದ್ದು ಯಾವಾಗ? ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ. ಅಂದರೆ ನಸುಕಿನ ಮೂರಕ್ಕೇ ಬಣ್ಣ ಒಣಗಿದೆ, ಹನ್ನೊಂದು ಗಂಟೆಗೆ ಬಂದ ಹೆಂಗಸರದ್ದು ಎಳ್ಳಷ್ಟೂ ತಪ್ಪಿಲ್ಲ. ನಡುರಾತ್ರಿ ಹನ್ನೆರಡಕ್ಕೆ ಆ ಬಾಗಿಲನ್ನು ನೋಡಿದ ಹುಡುಗಿಯೊಬ್ಬಳು ಆಗ ಕಲೆ ಇರಲಿಲ್ಲ ಎನ್ನುತ್ತಾಳೆ. ಹನ್ನೆರಡರಿಂದ ಮೂರರೊಳಗೆ ಯಾರದೋ ಬಟ್ಟೆ ಬಾಗಿಲಿಗೆ ತಾಗಿದೆ. ಆ ಬಟ್ಟೆ ಸಿಕ್ಕಿದರೆ ಆಯಿತು.

ಇಡೀ ಕಾದಂಬರಿ ನಿಂತಿರುವುದು ಈ ಲೆಕ್ಕದ ಮೇಲೆ. ಇದಕ್ಕೆ ಭೂತಗನ್ನಡಿ ಬೇಡ, ಪ್ರಯೋಗಾಲಯ ಬೇಡ. ಬಣ್ಣ ಹಸಿ ಇರುವಾಗ ಅಂಟುತ್ತದೆ, ಒಣಗಿದ ಮೇಲೆ ಅಂಟುವುದಿಲ್ಲ ಎನ್ನುವುದು ಯಾವ ಓದುಗರಿಗೆ ಗೊತ್ತಿಲ್ಲ? ಎಲ್ಲರಿಗೂ ಗೊತ್ತಿರುವ ಸಂಗತಿಯನ್ನೇ ಎಲ್ಲರ ಕಣ್ಣೆದುರು ಇಟ್ಟು, ಆದರೂ ಯಾರ ಕಣ್ಣಿಗೂ ಬೀಳದಂತೆ ಬರೆಯುವುದು ಈ ಕಸುಬಿನ ಕಷ್ಟ. ನನ್ನ ಮಟ್ಟಿಗೆ ಸೊಗಸೂ ಅದೇ. ಕಫ್‌ನ ಹಿಂದೆ ನಿಜವಾದ ಪತ್ತೇದಾರನೊಬ್ಬನಿದ್ದಾನೆ, ಜೊನಾಥನ್ ವಿಚರ್. 1860ರಲ್ಲಿ ರೋಡ್ ಹಿಲ್ ಹೌಸ್ ಎಂಬ ಮನೆಯಲ್ಲಿ ಮಗುವೊಂದರ ಕೊಲೆಯಾದಾಗ, ಕಾಣೆಯಾದ ಒಂದು ರಾತ್ರಿಯುಡುಪಿನ ಜಾಡು ಹಿಡಿದು ಮನೆಯ ಹದಿಹರೆಯದ ಮಗಳ ಮೇಲೆ ಅವನು ಬೊಟ್ಟು ಮಾಡಿದ. ಯಾರೂ ನಂಬಲಿಲ್ಲ. ಅವನ ಹೆಸರು ಮಣ್ಣುಪಾಲಾಯಿತು. 1865ರಲ್ಲಿ ಆಕೆಯೇ ತಪ್ಪೊಪ್ಪಿಕೊಂಡಳು.

ಬರೆಯಲು ಕೂತಾಗ ನಾನು ಹುಡುಕುವುದು ನಮ್ಮ ಮನೆಗಳ ಒಳಗೆ ಇಂಥ ಗಡಿಯಾರ ಯಾವುದಿದೆ ಎಂದು. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೇಸಗೆಯ ಬಳ್ಳಾರಿಯಲ್ಲಿ ನಸುಕಿಗೆ ಮೊದಲೇ ಉಕ್ಕಿ ಮುಚ್ಚಳ ಎತ್ತಿರುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಬೆಳಗಾದರೂ ಮಿಸುಕಿರುವುದಿಲ್ಲ. ದಾಸವಾಳ ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಕಟ್ಟಿಟ್ಟ ಮಲ್ಲಿಗೆ ಮೊಗ್ಗು ಕತ್ತಲಾಗುವ ಹೊತ್ತಿಗೆ ಬಿರಿಯುತ್ತದೆ. ಹಿಂದಿನ ಕಾದಂಬರಿಯೊಂದರಲ್ಲಿ ಒಂದು ಪಾತ್ರೆ ಹಿಟ್ಟನ್ನೇ ಸುಳಿವು ಮಾಡಿದ್ದೆ. ಹುಳಿ ಹೆಚ್ಚಾಯಿತೆಂದು ಅತ್ತೆ ಸೊಸೆಗೆ ಒಂದು ಮಾತು ಅನ್ನುತ್ತಾರೆ, ಸೊಸೆ ತಿರುಗಿ ಉತ್ತರ ಕೊಡುತ್ತಾಳೆ. ಓದುವವರ ಗಮನವೆಲ್ಲ ಆ ಜಗಳದ ಮೇಲೆ. ಹಿಟ್ಟು ರುಬ್ಬಿದ್ದು ಯಾವ ಹೊತ್ತಿಗೆ ಎಂಬ ಪ್ರಶ್ನೆ ಕೊನೆಯ ಅಧ್ಯಾಯದವರೆಗೆ ಅಲ್ಲೇ ಕೂತಿರುತ್ತದೆ. ಇಂಥ ದೃಶ್ಯವೊಂದು ಹದಕ್ಕೆ ಬರುವವರೆಗೆ ನಾನು ಮುಂದಿನ ಪುಟಕ್ಕೆ ಹೋಗುವುದಿಲ್ಲ. ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಎನ್ನುವುದನ್ನು ಗ್ರಾಫ್ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿಕೊಂಡು, ಪ್ರತಿ ಅಧ್ಯಾಯ ಮುಗಿದಾಗಲೂ ತಾಳೆ ನೋಡುತ್ತೇನೆ.

ಕಥೆ, ಕಾದಂಬರಿಯಷ್ಟೇ ಆಸ್ಥೆಯಿಂದ ನಾನು ಓದುವ ಇನ್ನೊಂದು ಬಗೆಯ ಬರಹ ಪೊಲೀಸರ ಸ್ಥಳ ಮಹಜರು. ಬಾಗಿಲು ಯಾವ ದಿಕ್ಕಿಗಿದೆ, ಚಿಲಕ ಒಳಗಿನಿಂದ ಹಾಕಿತ್ತೋ ಹೊರಗಿನಿಂದಲೋ, ಹೊಸ್ತಿಲಿನಿಂದ ಚೊಂಬು ಎಷ್ಟು ದೂರ ಉರುಳಿತ್ತು — ಇಷ್ಟೇ. ಪಂಚರ ಸಮಕ್ಷಮ ಕಂಡದ್ದನ್ನು ಬಿಟ್ಟು ಬೇರೇನೂ ಅದರಲ್ಲಿರುವುದಿಲ್ಲ. ಭಯಾನಕ, ಘೋರ ಎಂಬ ವಿಶೇಷಣಗಳಿಲ್ಲದೆಯೂ ಎದೆ ಝಲ್ಲೆನ್ನಿಸುವ ಆ ಗದ್ಯ ಹೊಸ ಬರಹಗಾರರಿಗೆ ಒಳ್ಳೆಯ ಪಾಠ.

ಕಾಲಿನ್ಸ್ ಆದ ಮೇಲೆ ಅಗಾಥಾ ಕ್ರಿಸ್ಟಿಯವರ ‘ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ (1926) ಓದಿ. ಒಮ್ಮೆಯಲ್ಲ, ಎರಡು ಸಲ. ಎರಡನೇ ಸಲ ಓದುವಾಗ ಮೊದಲು ಸಪ್ಪೆ ಎನಿಸಿದ್ದ ವಾಕ್ಯಗಳೇ ಬೆಚ್ಚಿಬೀಳಿಸುತ್ತವೆ. ಲೇಖಕಿ ಎಲ್ಲಿಯೂ ಸುಳ್ಳು ಹೇಳಿಲ್ಲ ಎನ್ನುವುದು ಆಗ ಗೊತ್ತಾಗುತ್ತದೆ. ಜಪಾನಿನ ಕೀಗೊ ಹಿಗಾಶಿನೊ ಅವರ ‘ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ (ಮೂಲ 2005) ಇನ್ನೂ ಧೈರ್ಯದ ಪುಸ್ತಕ. ಕೊಂದವರು ಯಾರೆಂದು ಆರಂಭದಲ್ಲೇ ತೋರಿಸಿಬಿಡುತ್ತಾರೆ. ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ ತಾನು ಕೊಡುವ ಪರೀಕ್ಷೆಯ ಲೆಕ್ಕದ ಬಗ್ಗೆ ಒಂದು ಮಾತು ಆಡುತ್ತಾನೆ: ನೋಡಲು ರೇಖಾಗಣಿತದ ಪ್ರಶ್ನೆ, ನಿಜದಲ್ಲಿ ಬೀಜಗಣಿತದ್ದು. ಕಾದಂಬರಿಯ ಬೀಗದಕೈ ಅಲ್ಲಿಯೇ ಇದೆ, ನಾವು ಅದನ್ನು ದಾಟಿಕೊಂಡು ಹೋಗುತ್ತೇವೆ.

ನಮ್ಮಲ್ಲಿ ಎನ್. ನರಸಿಂಹಯ್ಯನವರನ್ನು ಬಿಟ್ಟು ಈ ಮಾತು ಮುಂದೆ ಹೋಗದು. ನಾಲ್ಕನೇ ಕ್ಲಾಸಿನವರೆಗೆ ಓದಿದ ಅವರು 500ಕ್ಕೂ ಹೆಚ್ಚು ಕಾದಂಬರಿ ಬರೆದರು, ‘ಪತ್ತೇದಾರ ಪುರುಷೋತ್ತಮ’ನನ್ನು ಮನೆಮಾತು ಮಾಡಿದರು. ಅವರಲ್ಲಿ ಸುಳಿವಿಗಿಂತ ಬೆನ್ನಟ್ಟುವಿಕೆ ಹೆಚ್ಚು. ಆದರೆ ಓದು ಬಾರದವರನ್ನೂ ಓದಲು ಕೂರಿಸುವ ಆ ಓಟದ ವಾಕ್ಯಗಳು ಬೇರೆ ಯಾರಿಗೂ ಒಲಿದಿಲ್ಲ. ಅವರ ಪುಸ್ತಕಗಳನ್ನು ಸಾಹಿತ್ಯದ ಲೆಕ್ಕದಿಂದ ಹೊರಗಿಟ್ಟದ್ದು ಅನ್ಯಾಯ ಎಂದೇ ನನ್ನ ನಂಬಿಕೆ. ಸುಸ್ಥಿತಿಯಲ್ಲಿರುವ ಪ್ರತಿ ಸಿಕ್ಕರೆ ಬಿಡಬೇಡಿ.

ಪತ್ತೇದಾರಿ ಎಂದರೆ ಮೂಗು ಮುರಿಯುವವರಿಗೆ ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಕೊಡಿ. ಜೋಗಿಹಾಳ ಎಂಬವರ ಸಾವು ಹೇಗಾಯಿತೆಂದು ಪತ್ತೆಮಾಡಲು ಅಂಗಾಡಿ ಎಂಬವನು ಕೆಸರೂರಿಗೆ ಬರುತ್ತಾನೆ, ಒಂದು ಸಾವಿನ ಎಳೆ ಹಿಡಿದು ಎಳೆದರೆ ಇಡೀ ಊರಿನ ಜಾತಿ, ಏಲಕ್ಕಿ, ಕಾಡು ಎಲ್ಲವೂ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಅಪರಾಧಿಯ ಹೆಸರಿಗಿಂತ ದೊಡ್ಡ ಪ್ರಶ್ನೆಯೊಂದನ್ನು ಪತ್ತೇದಾರಿ ಕಥೆ ಕೇಳಬಲ್ಲದು ಎಂದು ಕನ್ನಡದಲ್ಲಿ ಇಷ್ಟು ಚೆನ್ನಾಗಿ ತೋರಿಸಿದ ಪುಸ್ತಕ ಇನ್ನೊಂದಿಲ್ಲ. ಅವರದೇ ‘ಜುಗಾರಿ ಕ್ರಾಸ್’ ಅದರ ನಂತರಕ್ಕಿರಲಿ. ಅದನ್ನು ಹಿಡಿದರೆ ಮುಗಿಸದೆ ಏಳಲಾಗುವುದಿಲ್ಲ, ಭಾನುವಾರವೊಂದನ್ನು ಪೂರ್ತಿ ಬಿಡುವು ಮಾಡಿಕೊಂಡೇ ಕೂರಿ.